ಭಾರಿ ಮಳೆ ಮುನ್ಸೂಚನೆ ಬಂದಾಗ ರಾಗಿ ಬೆಳೆಯೋರು ಏನು ನೋಡಬೇಕು, ಏನು ಮಾಡಬೇಕು

ಏಪ್ರಿಲ್–ಮೇ ತಿಂಗಳಲ್ಲಿ "ಭಾರಿ ಮಳೆ ಬರುತ್ತಂತೆ" ಅನ್ನುವ ಸುದ್ದಿ ಕೇಳಿದ ಕೂಡಲೇ ಮೋಡ ನೋಡಬೇಡಿ. ಮೊದಲು ನಿಮ್ಮ ಕಾಳು ಎಲ್ಲಿದೆ ನೋಡಿ. ಬಿತ್ತನೆಗೆ ಅಂತ ಚೀಲದಲ್ಲಿದೆಯಾ? ತೆನೆಯಾಗಿ ಹೊಲದಲ್ಲಿ ನಿಂತಿದೆಯಾ? ಕೊಯ್ದು ಕಣದಲ್ಲಿ ಬಿದ್ದಿದೆಯಾ? ಮುನ್ಸೂಚನೆ ಒಂದೇ ಆದರೂ ಈ ಮೂರು ಕಡೆ ಮಾಡಬೇಕಾದ ಕೆಲಸ ಬೇರೆ ಬೇರೆ.

ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಕಾರ್ಯದರ್ಶಿ. ನಮಗೂ ಹೊಲ ಇದೆ. ಬೋರ್‌ವೆಲ್ ನೀರಲ್ಲಿ ಸ್ವಲ್ಪ ಬೇಸಿಗೆ ರಾಗಿ, ಉಳಿದಿದ್ದು ಮಳೆ ನಂಬಿದ ಹೊಲ. ಬೆಳಿಗ್ಗೆ ಸಂಜೆ ಊರಿಗೆ ಊರೇ ಹಾಲು ಹಾಕಲು ಡೈರಿಗೆ ಬರುತ್ತದೆ. ಅದಕ್ಕೇ ಹಾಲಿನ ಫ್ಯಾಟ್ ಬರೆಯುವ ಬೋರ್ಡಿನ ಮೂಲೆಯಲ್ಲಿ ಮಳೆ ಮುನ್ಸೂಚನೆಯನ್ನೂ ಬರೆಯುತ್ತೇನೆ. ಬರೆದ ಮೇಲೆ ಜನ ಪ್ರಶ್ನೆ ಕೇಳುತ್ತಾರೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಬಿಡಿಸಿ ಉತ್ತರ ಬರೆದಿದ್ದೇನೆ.

ಕಾಳು ಎಲ್ಲಿದೆ ಅನ್ನುವುದು ಯಾಕೆ ಅಷ್ಟು ಮುಖ್ಯ? 2023ರ ಮಾರ್ಚ್‌ನಲ್ಲಿ ಪಂಜಾಬ್, ಹರಿಯಾಣ, ಮಧ್ಯಪ್ರದೇಶದಲ್ಲಿ ಅಕಾಲಿಕ ಮಳೆ, ಆಲಿಕಲ್ಲು ಬಿದ್ದವು. ಅಲ್ಲಿ ಗೋಧಿ ಹಣ್ಣಾಗುವ ಹೊತ್ತು. ನಿಂತ ಪೈರು ಮಲಗಿತು. ಅಮೆರಿಕದಲ್ಲಿ 2019ರ ವಸಂತದಲ್ಲಿ ಮಳೆ ಬಿಡಲೇ ಇಲ್ಲ. ಮೆಕ್ಕೆಜೋಳ, ಸೋಯಾ ಬಿತ್ತುವ ಕಾಲ ಅದು. 1 ಕೋಟಿ 90 ಲಕ್ಷ ಎಕರೆಗೂ ಜಾಸ್ತಿ ಭೂಮಿಯಲ್ಲಿ ಬಿತ್ತನೆಯೇ ಆಗಲಿಲ್ಲ. ಒಂದು ಕಡೆ ತೆನೆ ಹೋಯಿತು, ಇನ್ನೊಂದು ಕಡೆ ಬೀಜ ಚೀಲದಲ್ಲೇ ಉಳಿಯಿತು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದೇ ತಿಂಗಳುಗಳ ಮಳೆಗೆ ಎರಡು ಮುಖ. ಖಾಲಿ ಹೊಲ ಇದ್ದವರಿಗೆ ಅದು ಉಳುಮೆಯ ಮಳೆ. "ಭರಣಿ ಮಳೆ ಹುಯ್ದರೆ ಧರಣಿಯೆಲ್ಲಾ ಬೆಳೆ" ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಆದರೆ ಬೇಸಿಗೆ ರಾಗಿ ಕೊಯ್ಲಿಗೆ ಬಂದವರಿಗೆ ಅದೇ ಭರಣಿ ಮಳೆ ಕಷ್ಟ ತರುತ್ತದೆ.

ಮುನ್ಸೂಚನೆ ಓದುವುದು

ನಾಲ್ಕು ವಿಷಯ ಹುಡುಕಿ. ಎಲ್ಲಿ, ಎಷ್ಟು, ಎಷ್ಟು ಖಚಿತ, ಯಾವಾಗ. ಟಿವಿಯಲ್ಲಿ ಕೆಂಪು ಅಕ್ಷರದಲ್ಲಿ ಓಡುವ ಸಾಲಿನಲ್ಲಿ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದೇ ಇರುತ್ತದೆ.

ಎಲ್ಲಿ ಅನ್ನುವಲ್ಲೇ ತುಂಬಾ ಜನ ಎಡವುತ್ತಾರೆ. ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿದೆ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ಮ ಮೂರೂ ಜಿಲ್ಲೆ ದಕ್ಷಿಣ ಒಳನಾಡಿನಲ್ಲಿವೆ. ಆದರೆ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಕೂಡ ಅದೇ ದಕ್ಷಿಣ ಒಳನಾಡಿಗೆ ಸೇರಿವೆ! "ದಕ್ಷಿಣ ಒಳನಾಡಿನಲ್ಲಿ ಭಾರಿ ಮಳೆ" ಅಂದರೆ ಅದು ಮಡಿಕೇರಿಯ ಮಳೆಯೂ ಆಗಿರಬಹುದು. ಪಾವಗಡದಲ್ಲಿ ಅವತ್ತು ಧೂಳೇ ಏಳುತ್ತಿರಬಹುದು. ಹಾಗಾಗಿ ಜಿಲ್ಲೆಯ ಹೆಸರು ಕಾಣುವ ತನಕ ಓದಿ. ಹೆಸರು ಕಂಡ ಮೇಲೆ "ಅಲ್ಲಲ್ಲಿ" ಅಂತ ಇದೆಯಾ, "ಬಹುತೇಕ ಕಡೆ" ಅಂತ ಇದೆಯಾ ನೋಡಿ. ಇವು ಸುಮ್ನೆ ಬರೆದ ಮಾತಲ್ಲ, ಹಿಂದೆ ಲೆಕ್ಕ ಇದೆ. ಅಲ್ಲಲ್ಲಿ ಅಂದರೆ ಆ ಪ್ರದೇಶದ ಮಳೆಮಾಪಕಗಳಲ್ಲಿ ಶೇ. 25ರ ಒಳಗೆ ಮಾತ್ರ ಮಳೆ ಬೀಳಬಹುದು ಅಂತ. ಬಹುತೇಕ ಕಡೆ ಅಂದರೆ ಶೇ. 75ಕ್ಕಿಂತ ಜಾಸ್ತಿ. ಮೇ ತಿಂಗಳಲ್ಲಿ ನಮ್ಮ ಕಡೆಗೆ ಬರುವುದು ಹೆಚ್ಚಾಗಿ "ಅಲ್ಲಲ್ಲಿ"ಯೇ. ಹಗಲಿನ ಬಿಸಿಲಿಗೆ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ತೇವದ ಗಾಳಿ ಬರುತ್ತದೆ, ಮಧ್ಯಾಹ್ನದ ಮೇಲೆ ಮೋಡ ಎದ್ದು ಸಂಜೆ ಸುರಿಯುತ್ತದೆ. ಅಂಥ ಮೋಡ ಒಂದು ಊರಲ್ಲಿ ಸುರಿದು ಪಕ್ಕದ ಊರನ್ನು ಬಿಟ್ಟು ಹೋಗುತ್ತದೆ. ಮುನ್ಸೂಚನೆ ಸುಳ್ಳಾಯಿತು ಅಂತ ಬೈಯುವ ಮೊದಲು ಪಕ್ಕದ ಹೋಬಳಿಯಲ್ಲಿ ಎಷ್ಟು ಬಿತ್ತು ಅಂತ ವಿಚಾರಿಸಿ.

ಎಷ್ಟು ಅನ್ನುವುದಕ್ಕೂ ಅಳತೆ ಇದೆ. ಇಲಾಖೆ "ಭಾರಿ" ಅನ್ನುವುದು 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ ಮೇಲೆ ಬಿದ್ದರೆ. 115.6 ದಾಟಿದರೆ "ಅತಿ ಭಾರಿ", 204.5 ಮುಟ್ಟಿದರೆ "ಅತ್ಯಂತ ಭಾರಿ". 15.6ರಿಂದ 64.4ರ ತನಕ "ಸಾಧಾರಣ". ಈ ಸಾಧಾರಣ ಅನ್ನುವ ಮಾತನ್ನು ಕಡೆಗಣಿಸಬೇಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. 50 ಮಿಲಿಮೀಟರ್ ಅಂದರೆ 2 ಲಕ್ಷ ಲೀಟರ್. ಅದು ರಾತ್ರಿಯೆಲ್ಲಾ ಜಡಿ ಹಿಡಿದು ಬಂದರೆ ನೆಲ ಕುಡಿಯುತ್ತದೆ. ಒಂದೇ ಗಂಟೆಯಲ್ಲಿ ಸುರಿದರೆ ಮೇಲ್ಮಣ್ಣು ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಕಾಗದದಲ್ಲಿ ಎರಡೂ "ಸಾಧಾರಣ ಮಳೆ"ಯೇ. ಅದಕ್ಕೇ ಮಿಲಿಮೀಟರ್ ಜೊತೆಗೆ "ಗುಡುಗು ಸಹಿತ", "ಗಂಟೆಗೆ 40–50 ಕಿಲೋಮೀಟರ್ ವೇಗದ ಗಾಳಿ" ಅಂತ ಇದೆಯಾ ನೋಡಿ. ಇದ್ದರೆ ಮಳೆ ಬಿರುಸಾಗಿ ಬೀಳುತ್ತದೆ ಅಂತಲೇ ತಿಳಿದು ಸಿದ್ಧವಾಗಿ.

ಎಷ್ಟು ಖಚಿತ ಅನ್ನುವುದು ಬಣ್ಣದ ಅಲರ್ಟ್‌ನಲ್ಲೂ ಸೇರಿರುತ್ತದೆ. ಯೆಲ್ಲೋ ಅಂದರೆ ಗಮನ ಇರಲಿ, ಆರೆಂಜ್ ಅಂದರೆ ಸಿದ್ಧವಾಗಿ, ರೆಡ್ ಅಂದರೆ ಈಗಲೇ ಕೆಲಸಕ್ಕೆ ಇಳಿಯಿರಿ. ಈ ಬಣ್ಣವನ್ನು ಮಳೆಯ ಪ್ರಮಾಣ ಒಂದನ್ನೇ ನೋಡಿ ಕೊಡುವುದಿಲ್ಲ. ಆಗಬಹುದಾದ ಹಾನಿ, ಆಗುವ ಸಾಧ್ಯತೆ ಎರಡನ್ನೂ ಸೇರಿಸಿ ಕೊಡುತ್ತಾರೆ. ಬೇಸಿಗೆಯಲ್ಲಿ ಬರೀ ಗುಡುಗು, ಸಿಡಿಲು, ಗಾಳಿಗೂ ಯೆಲ್ಲೋ ಬರುತ್ತದೆ. ಹಾಗಾಗಿ ಬಣ್ಣ ನೋಡಿ ನಿಲ್ಲಿಸಬೇಡಿ, ಕೆಳಗೆ ಬರೆದಿರುವ ಕಾರಣ ಓದಿ.

ಯಾವಾಗ ಅನ್ನುವುದಕ್ಕೆ ನಾನು ಮೂರು ದೂರ ಇಟ್ಟುಕೊಂಡಿದ್ದೇನೆ. ವಾರದ ಕೆಲಸ ಗೊತ್ತು ಮಾಡಲು ಮೇಘದೂತ್ ಆ್ಯಪ್. ಮಂಗಳವಾರ, ಶುಕ್ರವಾರ ಮುಂದಿನ ಐದು ದಿನದ ಜಿಲ್ಲಾ ಮುನ್ಸೂಚನೆ, ಜೊತೆಗೆ ಬೆಳೆ ಸಲಹೆ ಕನ್ನಡದಲ್ಲೇ ಬರುತ್ತದೆ. ನಾಳೆ ನಾಡಿದ್ದಿನ ಮಾತಿಗೆ ಇಲಾಖೆಯ ದಿನದ ಬುಲೆಟಿನ್, ಇಲ್ಲವೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ. ಈ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಹಾಕಿಸಿದೆ. ಫೋನ್ ಮಾಡಿ ನಿಮ್ಮ ಪಂಚಾಯ್ತಿ ಹೆಸರು ಹೇಳಿ ಕೇಳಬಹುದು. ಆಮೇಲೆ ಅದೇ ದಿನ ಮಧ್ಯಾಹ್ನ, ಮೋಡ ಎದ್ದ ಮೇಲೆ, ಮುಂದಿನ ಮೂರು ಗಂಟೆ ಹೊತ್ತಿಗೆ ಇಲಾಖೆ ಕೊಡುವ ಮುನ್ಸೂಚನೆ. ಬೇಸಿಗೆ ಮಳೆಗೆ ನನ್ನ ನಂಬಿಕೆ ಜಾಸ್ತಿ ಇರುವುದು ಈ ಕೊನೆಯದರ ಮೇಲೆ. ಐದು ದಿನ ಮುಂಚೆ ಯಾವ ಊರಲ್ಲಿ ಗುಡುಗು ಮಳೆ ಸುರಿಯುತ್ತದೆ ಅಂತ ಯಾರೂ ಹೇಳಲಾರರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿದ್ದರೆ ಮಾತ್ರ ಮೂರು ನಾಲ್ಕು ದಿನ ಮುಂಚಿನ ಮಾತಿಗೂ ತೂಕ ಇರುತ್ತದೆ. ಅದು ಸಂಜೆಯ ಒಂಟಿ ಮೋಡದ ಥರ ಅಲ್ಲ, ಜಿಲ್ಲೆಗೆ ಜಿಲ್ಲೆಯನ್ನೇ ಮುಚ್ಚುತ್ತದೆ.

ಏಪ್ರಿಲ್ ಮಧ್ಯದಲ್ಲಿ "ಈ ಸಲ ಮುಂಗಾರು ವಾಡಿಕೆಯಷ್ಟು" ಅಂತ ಬರುವ ಸುದ್ದಿ ಇಡೀ ದೇಶದ ಜೂನ್–ಸೆಪ್ಟೆಂಬರ್ ಲೆಕ್ಕ. ದೇಶದ ಸರಾಸರಿ 87 ಸೆಂಟಿಮೀಟರ್. ಅದರ ಶೇ. 96ರಿಂದ 104 ಬಂದರೆ ವಾಡಿಕೆ. ಅದನ್ನು ಹಿಡಿದುಕೊಂಡು ಮೇ ತಿಂಗಳ ಹೊಲದ ಕೆಲಸ ನಿರ್ಧಾರ ಮಾಡಲು ಆಗುವುದಿಲ್ಲ.

ಮನೆಯಲ್ಲೊಂದು ಮಳೆ ಡಬ್ಬ

ಬಿದ್ದ ಮಳೆ ಅಳೆಯದಿದ್ದರೆ ಮೇಲಿನ ಅಂಕಿಗಳೆಲ್ಲಾ ಬಾಯಿಪಾಠ ಅಷ್ಟೇ. ತಳದಿಂದ ಬಾಯಿ ತನಕ ಒಂದೇ ಅಗಲ ಇರುವ ನೇರ ಡಬ್ಬ ಸಾಕು. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ನೋಡಿ. ನೀರು ಎಷ್ಟು ಮಿಲಿಮೀಟರ್ ನಿಂತಿದೆಯೋ ಅಷ್ಟು ಮಳೆ. ಡಬ್ಬದ ಬಾಯಿ ಕಿರಿದಾಗಿರಲಿ ಅಗಲವಾಗಿರಲಿ, ಲೆಕ್ಕ ಬದಲಾಗುವುದಿಲ್ಲ. ಸೂರಿನ ಕೆಳಗೆ, ತೆಂಗಿನ ಮರದ ಹತ್ತಿರ ಇಡಬೇಡಿ. ಕೆಸರು ಸಿಡಿಯದ ಹಾಗೆ ನೆಲದಿಂದ ಒಂದಡಿ ಮೇಲಿರಲಿ, ಗಾಳಿಗೆ ಬೀಳದ ಹಾಗೆ ಸುತ್ತ ಕಲ್ಲು ಇಡಿ. ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ಚೆಲ್ಲಿ. ಇಲಾಖೆಯ ದಿನವೂ ಬೆಳಿಗ್ಗೆ 8.30ಕ್ಕೇ ಮುಗಿಯುತ್ತದೆ, ಹೋಲಿಸಲು ಸುಲಭ. ಅಷ್ಟು ಹೊತ್ತಿಗೆ ಡೈರಿ ಕೆಲಸವೂ ಮುಗಿದಿರುತ್ತದೆ, ನನಗೆ ಹೊಂದುತ್ತದೆ.

ಕಾಳು ತೆನೆಯಲ್ಲಿದ್ದರೆ, ಕಣದಲ್ಲಿದ್ದರೆ

ಇಲ್ಲಿ ಕೈಯಲ್ಲಿರುವ ಹೊತ್ತು ಕಡಿಮೆ. ಅದಕ್ಕೇ ಇದನ್ನು ಮೊದಲು ಹೇಳುತ್ತೇನೆ.

ಬೇಸಿಗೆ ರಾಗಿ ಇನ್ನೂ ಹಾಲುಗಾಳಲ್ಲಿದ್ದರೆ ಕೊಯ್ಯಬೇಡಿ. ಕೊಯ್ದರೆ ಜೊಳ್ಳು ಸಿಗುತ್ತದೆ. ಆಗ ಮಾಡಬೇಕಾದ್ದು ಒಂದೇ, ನೀರು ಹಾಯಿಸುವುದನ್ನು ನಿಲ್ಲಿಸಿ. ಬಿರುಗಾಳಿ ಸಹಿತ ಮಳೆ ಅಂತ ಎರಡು ದಿನ ಮುಂಚೆ ಗೊತ್ತಾದರೆ ಮೋಟಾರ್ ಹಾಕಬೇಡಿ. ನೆಲ ನೆನೆದಿದ್ದರೆ ಬೇರಿನ ಹಿಡಿತ ಸಡಿಲ, ಮೇಲೆ ತೆನೆ ಭಾರ. ಗಾಳಿ ಬಂದರೆ ಪೈರು ಮಲಗಿಬಿಡುತ್ತದೆ. ಯೂರಿಯಾ ಹಾಕುವ ಯೋಚನೆ ಇದ್ದರೆ ಮಳೆ ಮುಗಿಯುವ ತನಕ ಚೀಲ ಬಿಚ್ಚಬೇಡಿ. ಭಾರಿ ಮಳೆಯಲ್ಲಿ ಅದು ನಿಮ್ಮ ಹೊಲದಲ್ಲಿ ನಿಲ್ಲುವುದಿಲ್ಲ.

ತೆನೆ ಕಂದು ಬಣ್ಣಕ್ಕೆ ತಿರುಗಿ ಕಾಳು ಗಟ್ಟಿಯಾಗಿದ್ದರೆ ಬೇರೆ ಮಾತು. ಆರೆಂಜ್ ಅಲರ್ಟ್ ಜಿಲ್ಲೆಯ ಹೆಸರು ಸಮೇತ ಬಂದಿದ್ದರೆ, ಮುಕ್ಕಾಲು ಭಾಗ ಬಲಿತಿದ್ದರೂ ಕೊಯ್ದುಬಿಡಿ ಅನ್ನುವುದು ನನ್ನ ಮಾತು. ಉಳಿದ ಕಾಲು ಭಾಗಕ್ಕೆ ಕಾದು ಕೂತರೆ ಮುಕ್ಕಾಲನ್ನೂ ಕಳೆದುಕೊಳ್ಳಬಹುದು. ಕೊಯ್ಲು ಮಿಷನ್ ನಂಬಿಕೊಂಡವರು ಅಲರ್ಟ್ ಬರುವ ಮೊದಲೇ ಮಾತಾಡಿಕೊಂಡಿರಬೇಕು. ಅಲರ್ಟ್ ಬಂದ ದಿನ ಎಲ್ಲರೂ ಅದೇ ಮಿಷನ್ ಹುಡುಕುತ್ತಾರೆ. ಒದ್ದೆ ಹೊಲಕ್ಕೆ ಮಿಷನ್ ಇಳಿಯುವುದಿಲ್ಲ. ಮೇವು ಬೇಕು ಅನ್ನುವವರು ಆಳು ಹಚ್ಚಿ ಕುಡುಗೋಲಲ್ಲೇ ಕೊಯ್ಯುವುದು ಒಳ್ಳೆಯದು. ರಾಗಿ ಹುಲ್ಲು ನೆನೆದು ಕಪ್ಪಾದರೆ ಹಸು ಮೂಸಿ ನೋಡಿ ಬಿಟ್ಟುಬಿಡುತ್ತದೆ, ಆ ವಾರ ಡೈರಿಗೆ ಬರುವ ಹಾಲಿನಲ್ಲೇ ನನಗದು ಗೊತ್ತಾಗುತ್ತದೆ.

ಕೊಯ್ದ ತೆನೆ ಹೊಲದಲ್ಲೇ ಹರಡಿದ್ದರೆ ಸಂಜೆಯ ಮೋಡ ಏಳುವ ಮೊದಲು, ಅಂದರೆ ಮಧ್ಯಾಹ್ನ ಎರಡರ ಒಳಗೆ ಒಟ್ಟಿ. ಎತ್ತರದ ಜಾಗ ನೋಡಿ. ಕೆಳಗೆ ಕಲ್ಲು ಇಟ್ಟು ಮೇಲೆ ಮರದ ತುಂಡು ಅಡ್ಡ ಹಾಕಿ. ತೆನೆ ಒಳಮುಖ, ಬುಡ ಹೊರಮುಖ ಇರುವ ಹಾಗೆ ಮೆದೆ ಹಾಕಿ. ತುದಿ ಚೂಪಾಗಿ, ನೀರು ಇಳಿದು ಹೋಗುವ ಹಾಗಿರಲಿ. ನಮ್ಮತ್ತೆ ಹಾಕಿದ ಮೆದೆಯಲ್ಲಿ ಟಾರ್ಪಾಲ್ ಇಲ್ಲದೆಯೂ ಒಳಗಿನ ತೆನೆ ಒಣಗೇ ಇರುತ್ತಿತ್ತು. ಈಗ ಟಾರ್ಪಾಲ್ ಇದೆ ಅಂತ ಹೇಗೆಂದರೆ ಹಾಗೆ ಗುಡ್ಡೆ ಹಾಕಿ ಮುಚ್ಚುತ್ತಾರೆ. ಹಸಿ ತೆನೆಯನ್ನು ಗುಡ್ಡೆ ಹಾಕಿ ಬಿಗಿಯಾಗಿ ಮುಚ್ಚಿದರೆ ಒಳಗೆ ಬಿಸಿಯಾಗುತ್ತದೆ. ಬೂಷ್ಟು ಬರುತ್ತದೆ, ಮೊಳಕೆಯೂ ಒಡೆಯುತ್ತದೆ. ಮಳೆ ನಿಂತ ಬೆಳಿಗ್ಗೆ, ಬಿಸಿಲು ಬಂದ ಕೂಡಲೇ ಟಾರ್ಪಾಲ್ ತೆಗೆಯಿರಿ. ಮೆದೆಯ ಒಳಗೆ ಕೈ ಹಾಕಿ ನೋಡಿ. ಬಿಸಿ ಹತ್ತಿದರೆ ಬಿಚ್ಚಿ ಹರಡಲೇಬೇಕು.

ಒಕ್ಕಣೆ ಆದ ಕಾಳು ಕಣದಲ್ಲಿದ್ದರೆ ಅದಕ್ಕೇ ಮೊದಲ ಜಾಗ. ಮನೆ ಒಳಗೆ ತನ್ನಿ, ಒಣಗಿಸುವುದು ಆಮೇಲೆ. ತಂದ ಮೇಲೆ ಚೀಲ ಕಟ್ಟಿ ಇಡಬೇಡಿ, ತೆಳ್ಳಗೆ ಹರಡಿ. ಬಹಳ ದಿನ ಇಡುವ ರಾಗಿಯಲ್ಲಿ ತೇವ ಶೇ. 12ಕ್ಕಿಂತ ಜಾಸ್ತಿ ಇರಬಾರದು. ಮೀಟರ್ ಇಲ್ಲದಿದ್ದರೆ ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ. ಕಟ್ ಅಂದರೆ ಸರಿ, ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ಬಿಸಿಲು ಬೇಕು.

ಪೈರು ಮಲಗಿಬಿಟ್ಟಿದ್ದರೆ ನೆನೆದ ಹೊಲಕ್ಕೆ ಇಳಿದು ತುಳಿಯಬೇಡಿ. ಬದುವಿನ ಕಡೆಯಿಂದ ಕಾಲುವೆ ಒಡೆದು ನೀರು ಹೊರಗೆ ಬಿಡಿ. ನೆಲ ಕಾಲು ಹಿಡಿಸುವಷ್ಟು ಆರಿದ ಮೇಲೆ ಕೊಯ್ಲು.

ಕಾಳು ಚೀಲದಲ್ಲಿದ್ದರೆ

ಬಿತ್ತನೆ ಬೀಜ ಚೀಲದಲ್ಲಿರುವವರಿಗೆ ನಾನು ಹೇಳುವುದು ಇಷ್ಟು. ಮುನ್ಸೂಚನೆ ನೋಡಿ ಹೊಲ ಸಿದ್ಧ ಮಾಡಿ, ಬಿದ್ದ ಮಳೆ ನೋಡಿ ಬಿತ್ತಿ. "ನಾಳೆ ಭಾರಿ ಮಳೆ, ಇವತ್ತೇ ಬಿತ್ತಿಬಿಡೋಣ" ಅನ್ನುವುದು ನಮ್ಮ ಕೆಂಪು ಮಣ್ಣಿಗೆ ಹೊಂದುವುದಿಲ್ಲ. ಬಿರುಸು ಮಳೆ ಬಿದ್ದು ಮಾರನೆ ದಿನ ಬಿಸಿಲು ಕಾದರೆ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ರಾಗಿ ಸಣ್ಣ ಕಾಳು, ಅದನ್ನು ಒಡೆದು ಮೇಲೆ ಬರುವ ಶಕ್ತಿ ಮೊಳಕೆಗೆ ಇಲ್ಲ. ಇಳಿಜಾರು ಹೊಲವಾದರೆ ಬೀಜವೇ ಕೊಚ್ಚಿಕೊಂಡು ಹೋಗುತ್ತದೆ.

ಮಳೆ ಬಿದ್ದ ಮೇಲೆ ಗುದ್ದಲಿ ತಗೊಂಡು ಹೊಲದ ಎತ್ತರದಲ್ಲೊಂದು, ತಗ್ಗಿನಲ್ಲೊಂದು ಕಡೆ ಅಗೆಯಿರಿ. ಒಂದು ಗೇಣು ಆಳದ ತನಕ ತೇವ ಇಳಿದಿರಬೇಕು. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಬೀಳಿಸಿ. ಉಂಡೆ ಕಟ್ಟಿ, ಬಿದ್ದಾಗ ಪುಡಿಯಾದರೆ ಹದ. ಅಂಟಿಕೊಂಡರೆ ಇನ್ನೊಂದು ದಿನ ಕಾಯಿರಿ. ಉಂಡೆಯೇ ಕಟ್ಟದಿದ್ದರೆ ಇನ್ನೊಂದು ಮಳೆ ಬೇಕು. ಡಬ್ಬದಲ್ಲಿ 30 ಮಿಲಿಮೀಟರ್ ಇದ್ದರೂ ಬಿರುಸಾಗಿ ಬಂದಿದ್ದರೆ ಮಣ್ಣು ನಾಲ್ಕು ಬೆರಳಷ್ಟೂ ನೆನೆದಿರುವುದಿಲ್ಲ, ನೀವೇ ಅಗೆದು ನೋಡಿ.

ಹದ ಸಿಕ್ಕಿದ ಮೇಲೆ ಏನು ಬಿತ್ತುವುದು? ಮೇ ಮೊದಲ ಭಾಗ ಆದರೆ ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೆಸರು, ಅಲಸಂದೆ, ಎಳ್ಳು ಹಾಕುತ್ತಾರೆ. ಅದು ಸರಿ. ಬೇಗ ಕೈಗೆ ಬರುತ್ತವೆ, ಆಮೇಲೆ ಬೇರೆ ಬೆಳೆಗೂ ಜಾಗ ಇರುತ್ತದೆ. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಹೆಸರು ಬೇಡ, ಎಳೆ ಗಿಡ ಹಳದಿಯಾಗಿ ಹೋಗುತ್ತದೆ.

ರಾಗಿಯನ್ನು ಮಾತ್ರ ಮೇ ತಿಂಗಳ ಮಳೆಗೆ ಬಿತ್ತುವ ಆಸೆ ಬಿಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಜೂನ್ 1ಕ್ಕೆ ಬರಬೇಕಾದ್ದು. 2009ರ ಮೇಲೆ ಅಷ್ಟು ಬೇಗ ಬಂದಿರಲಿಲ್ಲ. ಡೈರಿಯಲ್ಲಿ ಎಷ್ಟೋ ಜನ ಈಗಲೇ ರಾಗಿ ಹಾಕಿಬಿಡೋಣ ಅಂದರು. ಲೆಕ್ಕ ಹಾಕಿ ನೋಡಿ. ಜಿಪಿಯು-28 ಸುಮಾರು 110–115 ದಿನದ ತಳಿ. ಮೇ 25ಕ್ಕೆ ಬಿತ್ತಿದರೆ ಸೆಪ್ಟೆಂಬರ್ ಮಧ್ಯಕ್ಕೆ ಕೊಯ್ಲು. ನಮ್ಮ ಮೂರೂ ಜಿಲ್ಲೆಗಳಲ್ಲಿ ವರ್ಷದ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ತಿಂಗಳ ಮಳೆಗೆ ಖುಷಿಯಾಗಿ ಬಿತ್ತಿ, ಸೆಪ್ಟೆಂಬರ್ ಮಳೆಯಲ್ಲಿ ತೆನೆ ನೆನೆಸಿದ ಹಾಗಾಗುತ್ತದೆ, ಅಲ್ವಾ? ಎಂಆರ್-1, ಎಂಆರ್-6ರಂಥ ದೀರ್ಘ ತಳಿ ಜೂನ್‌ನಿಂದ, ಜಿಪಿಯು-28, ಎಂಎಲ್-365 ಜುಲೈನಲ್ಲಿ. ತಳಿ ಬಗ್ಗೆ ಅನುಮಾನ ಇದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ತುಮಕೂರು ಜಿಲ್ಲೆಗೆ ಕೊನೇಹಳ್ಳಿ, ಹಿರೇಹಳ್ಳಿ ಎರಡು ಕಡೆ ಇವೆ. ಕೋಲಾರದವರಿಗೆ ತಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಹತ್ತಿರ ಕುರುಬೂರು.

ಹಾಗಾದರೆ ಮೇ ಮಳೆ ರಾಗಿ ಹೊಲಕ್ಕೆ ದಂಡವಾ? ಇಲ್ಲ. ಇಳಿಜಾರಿಗೆ ಅಡ್ಡ ಉಳುಮೆ ಮಾಡಿ. ಮೊದಲ ಮಳೆಗೆ ಹುಟ್ಟಿದ ಕಳೆಯನ್ನು ಎರಡನೇ ಹದಕ್ಕೆ ಕುಂಟೆ ಹೊಡೆದು ತೆಗೆಯಿರಿ. ಮುನ್ಸೂಚನೆ ಬಂದ ದಿನವೇ ಬದು ಸುತ್ತಿ ಬನ್ನಿ. ಇಲಿ ಬಿಲ, ಒಡೆದ ಜಾಗ ಇದ್ದರೆ ಮಣ್ಣು ಹಾಕಿ ತುಳಿಯಿರಿ, ಹೆಚ್ಚಿನ ನೀರು ಹೋಗುವ ಕಡೆ ಕಲ್ಲು ಜೋಡಿಸಿ. ಕೃಷಿ ಹೊಂಡ ಇದ್ದರೆ ಒಳಹರಿವಿನ ಬಾಯಲ್ಲಿ ಕಟ್ಟಿದ ಹೂಳು ತೆಗೆಯಿರಿ. ಕೊಟ್ಟಿಗೆ ಗೊಬ್ಬರವನ್ನು ಭಾರಿ ಮಳೆಗೆ ಮುಂಚೆ ಹೊಲದಲ್ಲಿ ಹರಡಿ ಬಿಡಬೇಡಿ. ತಿಪ್ಪೆಯಲ್ಲೇ ಇರಲಿ, ಉಳುವ ದಿನ ಹರಡಿ ಮಣ್ಣಿಗೆ ಸೇರಿಸಿ.

ಸಿಡಿಲು

ಮೆದೆ ಮುಚ್ಚುವ ಗಡಿಬಿಡಿಯಲ್ಲಿ ಜನ ಪ್ರಾಣ ಮರೆಯುತ್ತಾರೆ. ಇದು ನನಗೆ ದೊಡ್ಡ ಚಿಂತೆ. ದಾಮಿನಿ ಆ್ಯಪ್ ನಿಮ್ಮ ಸುತ್ತ 20ರಿಂದ 40 ಕಿಲೋಮೀಟರ್ ಒಳಗೆ ಸಿಡಿಲಿದ್ದರೆ ಎಚ್ಚರಿಸುತ್ತದೆ. ಆ್ಯಪ್ ಇಲ್ಲದಿದ್ದರೂ ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನೂ ಮುಟ್ಟುವಷ್ಟು ಹತ್ತಿರ ಇದೆ ಅಂತಲೇ ಅರ್ಥ. ಟಾರ್ಪಾಲ್ ಅರ್ಧ ಮುಚ್ಚಿದ್ದರೂ ಬಿಟ್ಟು ಮನೆ ಒಳಗೆ ಬನ್ನಿ. ಹುಣಸೆ ಮರ, ತೆಂಗಿನ ಮರದ ಬುಡ, ತಗಡಿನ ಪಂಪ್ ಶೆಡ್ ಬೇಡ. ಮೋಟಾರ್ ಸ್ಟಾರ್ಟರ್ ಮುಟ್ಟಬೇಡಿ. ದನ ಮರಕ್ಕೆ ಕಟ್ಟಿದ್ದರೆ ಮೋಡ ಕಟ್ಟುವಾಗಲೇ ಬಿಚ್ಚಿ ಕೊಟ್ಟಿಗೆಗೆ ತನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಹೋಗಬೇಡಿ.

ಹಾನಿ ಆಗಿದ್ದರೆ

ಫಸಲ್ ಬಿಮಾ ಕಟ್ಟಿದವರು 72 ಗಂಟೆ ಒಳಗೆ ತಿಳಿಸಬೇಕು. ಆಲಿಕಲ್ಲು, ಹೊಲದಲ್ಲಿ ನೀರು ನಿಂತು ಆದ ಹಾನಿ ಇದರಲ್ಲಿ ಸೇರುತ್ತವೆ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೂ ಕೊಯ್ಲಾದ 14 ದಿನದ ತನಕ ರಕ್ಷಣೆ ಇದೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಸಹಾಯವಾಣಿ 14447. ರೈತ ಸಂಪರ್ಕ ಕೇಂದ್ರದಲ್ಲೂ ತಿಳಿಸಿ. ಫೋನ್ ಮಾಡುವ ಮೊದಲು ಸರ್ವೆ ನಂಬರ್, ವಿಮೆ ರಸೀದಿ, ಬ್ಯಾಂಕ್ ಪಾಸ್‌ಬುಕ್ ಹತ್ತಿರ ಇಟ್ಟುಕೊಳ್ಳಿ. ಫೋಟೋವನ್ನು ಹೊಲದ ನಾಲ್ಕೂ ಮೂಲೆಯಿಂದ ತೆಗೆಯಿರಿ, ಗುರುತಿಗೆ ಒಂದು ಮರವೋ ಬೋರ್‌ವೆಲ್ಲೋ ಚಿತ್ರದಲ್ಲಿ ಕಾಣಲಿ. ಡಬ್ಬದಲ್ಲಿ ಅಳೆದು ಬರೆದಿಟ್ಟ ಮಳೆಯ ಪುಸ್ತಕವನ್ನೂ ತೋರಿಸಿ. ನೋಡಲು ಬಂದವರು ಹೋಗುವ ತನಕ ಹಾಳಾದ ಬೆಳೆಯನ್ನು ತೆಗೆದು ಹೊಲ ಉಳಬೇಡಿ.